ಹಳೆ ಬೀಟಲ್‌ಗೆ ಹೊಸ ಪೆಡಲ್ ಸೆಟ್: ಕೂರಿಸುವಾಗ ತಪ್ಪುವ ಆ ಒಂದು ಮಿಲಿಮೀಟರ್

ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾ, ದುಬೈನ ಅಲ್ ಕೂಝ್, ಕುವೈತಿನ ಶುವೈಖ್ ಕಡೆಯ ಗ್ಯಾರೇಜುಗಳಲ್ಲಿ ಕೆಲಸ ಮಾಡುವ ನಮ್ಮವರಿಗೆ ಹಳೆ ಕಾರುಗಳು ಹೊಸತಲ್ಲ. ಶೋಕಿಗೆ ಇಟ್ಟುಕೊಂಡ ಫೋಕ್ಸ್‌ವ್ಯಾಗನ್ ಬೀಟಲ್ ಚಳಿಗಾಲ ಶುರುವಾಗುವ ಹೊತ್ತಿಗೆ ಸರ್ವಿಸ್‌ಗೆ ಬರುತ್ತದೆ, ಜೊತೆಗೆ ಡಿಕ್ಕಿಯಲ್ಲಿ ಆನ್‌ಲೈನ್‌ನಲ್ಲಿ ತರಿಸಿದ ಹೊಸ ಪೆಡಲ್ ಸೆಟ್ಟಿನ ಬಾಕ್ಸ್. "ಇದನ್ನು ಹಾಕಿ ಕೊಡಿ, ಸಂಜೆ ಬರ್ತೇನೆ" ಅಂತ ಮಾಲೀಕ ಹೇಳಿ ಹೋಗುತ್ತಾನೆ. ನಾಲ್ಕು ಬೋಲ್ಟಿನ ಕೆಲಸ ಅಂತ ಕಾಣುತ್ತದೆ, ಆದರೆ ಅಲ್ಲ.

ನಾನು ಮೊದಲು ಕೆಲಸಕ್ಕಿದ್ದ ಒಂದು ಗ್ಯಾರೇಜಿನಲ್ಲಿ ನಡೆದದ್ದು ಇದು. ಊರಿಂದ ಬಂದು ವರ್ಷವೂ ಆಗದ ಹುಡುಗನೊಬ್ಬ ಬೀಟಲ್‌ಗೆ ಹೊಸ ಪೆಡಲ್ ಕೂರಿಸಿದ. ಬೆಳಿಗ್ಗೆ ಟ್ರಯಲ್‌ನಲ್ಲಿ ಬ್ರೇಕ್ ಚೆನ್ನಾಗಿಯೇ ಹಿಡಿಯಿತು. ಮಧ್ಯಾಹ್ನ ಮಾಲೀಕ ಹೈವೇಗೆ ಇಳಿದ ಸ್ವಲ್ಪ ಹೊತ್ತಿಗೆ ಕಾರು ಭಾರವಾಯಿತು, ನಾಲ್ಕೂ ಚಕ್ರ ಬಿಸಿ, ಕೊನೆಗೆ ಟ್ರ್ಯಾಕ್ ಮಧ್ಯೆ ನಿಂತೇ ಬಿಟ್ಟಿತು. ಹಿಂದೆ ಟ್ರೇಲರ್ ಬರುತ್ತಿತ್ತು. ಡ್ರೈವರ್ ಪುಣ್ಯಕ್ಕೆ ತಪ್ಪಿಸಿದ. ಕಾರು ರಿಕವರಿಯಲ್ಲಿ ವಾಪಸ್ ಬಂದಾಗ ಹುಡುಗ ಬ್ರೇಕಿನಲ್ಲಿ ಗಾಳಿ ಇದೆ ಅಂತ ನಿಪ್ಪಲ್ ಬಿಚ್ಚಿದ. ಆಯಿಲ್ ಚಿಮ್ಮಿತು, ಚಕ್ರ ಫ್ರೀ ಆಯಿತು. ಸರಿಯಾಯಿತು ಅಂತ ಕಳಿಸಿದರು. ಮರುದಿನ ಮತ್ತೆ ಅದೇ ಕಥೆ. ಎರಡು ದಿನದ ರಿಕವರಿ ಖರ್ಚು ಹುಡುಗನ ಸಂಬಳದಿಂದ ಹೋಯಿತು. ತಪ್ಪಿದ್ದದ್ದು ಪುಶ್ ರಾಡ್ ತುದಿಯಲ್ಲಿ, ಬರೀ ಒಂದು ಮಿಲಿಮೀಟರ್.

ಆ ಒಂದು ಮಿಲಿಮೀಟರ್ ಯಾಕೆ ಬೇಕು?

ಮಾಸ್ಟರ್ ಸಿಲಿಂಡರ್ ಒಳಗೆ ಪಿಸ್ಟನ್ನಿನ ರಬ್ಬರ್ ಸೀಲ್‌ಗೆ ಸ್ವಲ್ಪ ಮುಂದೆ ಸೂಜಿ ಗಾತ್ರದ ಒಂದು ತೂತು ಇರುತ್ತದೆ. ಕಾಲು ತೆಗೆದಾಗ ಪಿಸ್ಟನ್ ಪೂರ್ತಿ ಹಿಂದೆ ಬಂದು ಈ ತೂತು ತೆರೆಯಬೇಕು. ಬ್ರೇಕ್ ಆಯಿಲ್ ಬಿಸಿಯಾಗಿ ಹಿಗ್ಗಿದರೆ ಹೆಚ್ಚಾದದ್ದು ಈ ದಾರಿಯಲ್ಲೇ ಡಬ್ಬಕ್ಕೆ ವಾಪಸ್ ಹೋಗುತ್ತದೆ. ಪುಶ್ ರಾಡ್ ಒಂದಿಷ್ಟು ಉದ್ದವಾಗಿದ್ದು ಪಿಸ್ಟನ್ನನ್ನು ಮುಂದಕ್ಕೆ ತಳ್ಳಿಕೊಂಡೇ ಇದ್ದರೆ ಸೀಲ್ ಆ ತೂತನ್ನು ಮುಚ್ಚಿಬಿಡುತ್ತದೆ. ಆಗ ಹಿಗ್ಗಿದ ಆಯಿಲ್‌ಗೆ ಚಕ್ರದ ಕಡೆ ಬಿಟ್ಟು ಬೇರೆ ದಾರಿ ಇಲ್ಲ. ಲೈನರ್ ಡ್ರಮ್ಮಿಗೆ ಉಜ್ಜುತ್ತದೆ, ಉಜ್ಜಿದ್ದಕ್ಕೆ ಇನ್ನಷ್ಟು ಬಿಸಿ, ಬಿಸಿಗೆ ಇನ್ನಷ್ಟು ಒತ್ತಡ. ಬೆಳಿಗ್ಗೆ ಸರಿ ಇದ್ದ ಬ್ರೇಕ್ ಮಧ್ಯಾಹ್ನ ಜಾಮ್ ಆಗುವುದು ಹೀಗೆ. ಗಲ್ಫಿನ ಬೇಸಿಗೆಯಲ್ಲಿ ಇದು ಬೇಗ ಆಗುತ್ತದೆ.

ಬೀಟಲ್‌ನಲ್ಲಿ ಪುಶ್ ರಾಡ್ ತುದಿಗೂ ಪಿಸ್ಟನ್ನಿಗೂ ನಡುವೆ 1 ಮಿ.ಮೀ. ಫ್ರೀ ಪ್ಲೇ ಇರಬೇಕು. ಕಾಲಿಡುವ ಪ್ಯಾಡಿನ ಹತ್ತಿರ ಅದು ಸುಮಾರು 5ರಿಂದ 7 ಮಿ.ಮೀ. ಆಗಿ ಕಾಣುತ್ತದೆ. ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ: ಮೊದಲು ಖಾಲಿ ಸಡಿಲ, ಆಮೇಲೆ ಪಿಸ್ಟನ್ ತಾಗಿದ್ದು ಗೊತ್ತಾಗಬೇಕು. ಕಾಲಲ್ಲಿ ಒತ್ತಿದರೆ ಇದು ತಿಳಿಯುವುದಿಲ್ಲ.

ಕಂಪನಿಯ ಒರಿಜಿನಲ್ ಪದ್ಧತಿಯಲ್ಲಿ ಪುಶ್ ರಾಡಿನ ಉದ್ದ ಮುಟ್ಟುವ ಹಾಗಿಲ್ಲ. ಪೆಡಲ್ ಹಿಂದೆ ಬಂದು ನಿಲ್ಲುವ ಸ್ಟಾಪ್ ಪ್ಲೇಟ್ ನೆಲದ ಹತ್ತಿರ ಇದೆ, ಅದರ ಬೋಲ್ಟ್ ಸಡಿಲಿಸಿ ಹಿಂದೆ ಮುಂದೆ ಸರಿಸಿ ಪ್ಲೇ ಸೆಟ್ ಮಾಡುವುದು. ಹೊರಗಿನ ಸೆಟ್‌ನಲ್ಲಿ ರಾಡ್ ಬೇರೆ ಉದ್ದದ್ದು ಬರಬಹುದು. ಹಾಗಾಗಿ ಹಳೆಯದನ್ನು ಬಿಸಾಡುವ ಮೊದಲು ಹಳೆ ರಾಡ್, ಹೊಸ ರಾಡ್ ಎರಡನ್ನೂ ಬೆಂಚಿನ ಮೇಲೆ ಪಕ್ಕ ಪಕ್ಕ ಇಟ್ಟು ಅಳೆಯಿರಿ. ವ್ಯತ್ಯಾಸ ಇದ್ದರೆ ಅಲ್ಲೇ ಸರಿಮಾಡಿ ಲಾಕ್ ನಟ್ ಬಿಗಿ ಮಾಡಿ. ಕೊನೆಯ ಸಣ್ಣ ಹೊಂದಾಣಿಕೆ ಮಾತ್ರ ಸ್ಟಾಪ್ ಪ್ಲೇಟಿನಲ್ಲಿ.

ಜಾಮ್ ಆಗಿ ಬಂದ ಕಾರಿಗೆ ಮೊದಲೇ ನಿಪ್ಪಲ್ ಬಿಚ್ಚಬೇಡಿ, ಬಿಚ್ಚಿದರೆ ಸಾಕ್ಷಿ ಹೋಯಿತು. ಮೊದಲು ಸ್ಟಾಪ್ ಪ್ಲೇಟ್ ಸಡಿಲಿಸಿ ಪೆಡಲನ್ನು ಇನ್ನೂ ಹಿಂದಕ್ಕೆ ಬಿಡಿ. ಚಕ್ರ ಫ್ರೀ ಆದರೆ ತಪ್ಪು ಪುಶ್ ರಾಡಿನದ್ದೇ. ಆಗದಿದ್ದರೆ ಮಾಸ್ಟರ್ ಸಿಲಿಂಡರ್ ಒಳಗಿನ ತೂತು ಕೊಳೆಯಿಂದ ಮುಚ್ಚಿರಬಹುದು. ಒಂದೇ ಚಕ್ರ ಹಿಡಿದಿದ್ದರೆ ಆ ಚಕ್ರದ ರಬ್ಬರ್ ಹೋಸ್ ಒಳಗೆ ಊದಿಕೊಂಡಿದೆಯಾ ಅಥವಾ ವೀಲ್ ಸಿಲಿಂಡರ್ ತುಕ್ಕು ಹಿಡಿದಿದೆಯಾ ನೋಡಿ. ನಿಪ್ಪಲ್ ಕೊನೆಗೆ.

ಸೆಟ್ಟಿನಲ್ಲಿ ಮೂರು ಬಗೆ

ಒಂದು, ಒರಿಜಿನಲ್ ಮಾದರಿಯ ನಕಲು: ಶಾಫ್ಟ್, ಬುಷ್, ಸ್ಪ್ರಿಂಗ್ ಎಲ್ಲ ಹೊಸದು. ಹೆಚ್ಚಿನವರಿಗೆ ಇಷ್ಟು ಸಾಕು. ಹಳೆ ಪೆಡಲ್ ಆಡುವುದು ಬುಷ್ ಸವೆದದ್ದಕ್ಕೆ, ಅದಕ್ಕೆ ಅಲ್ಯೂಮಿನಿಯಂ ಶೋಕಿ ಬೇಕಾಗಿಲ್ಲ. ಎರಡು, ಕಡೆದ ಅಲ್ಯೂಮಿನಿಯಂ ಪೆಡಲ್, ನೋಡಲು ಚೆಂದ. ಮೂರು, ಎರಡು ಮಾಸ್ಟರ್ ಸಿಲಿಂಡರ್ ಮತ್ತು ಬ್ಯಾಲೆನ್ಸ್ ಬಾರ್ ಇರುವ ರೇಸಿಂಗ್ ಪೆಡಲ್ ಬಾಕ್ಸ್. ಬೀಟಲ್ ಇಂಜಿನ್ ಹಾಕಿ ಮರಳು ದಿಬ್ಬ ಹತ್ತಿಸುವ ಬಗ್ಗಿಗಳಲ್ಲಿ ಇಂಥದ್ದನ್ನು ನೋಡಿರುತ್ತೀರಿ.

ಪೆಡಲ್ ಬದಲಾದರೆ ಲಿವರ್ ಅನುಪಾತವೂ ಬದಲಾಗಬಹುದು. ಅಳೆಯುವುದು ಸುಲಭ: ಪೆಡಲ್ ತಿರುಗುವ ಪಿನ್ನಿನಿಂದ ಪ್ಯಾಡ್ ಮಧ್ಯಕ್ಕೆ ಎಷ್ಟು, ಅದೇ ಪಿನ್ನಿನಿಂದ ಪುಶ್ ರಾಡ್ ಪಿನ್ನಿಗೆ ಎಷ್ಟು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. 250 ಮಿ.ಮೀ. ಮತ್ತು 50 ಮಿ.ಮೀ. ಆದರೆ ಅನುಪಾತ 5. ಕಾಲಲ್ಲಿ 30 ಕಿಲೋ ಒತ್ತಿದರೆ ರಾಡಿಗೆ 150 ಕಿಲೋ. ಸಿಲಿಂಡರ್ ಬೋರ್ 19.05 ಮಿ.ಮೀ. ಅಂದುಕೊಂಡರೆ ಪಿಸ್ಟನ್ ಮುಖ 2.85 ಚದರ ಸೆಂ.ಮೀ., ಒತ್ತಡ ಪ್ರತಿ ಚದರ ಸೆಂ.ಮೀ.ಗೆ 52 ಕಿಲೋ ಚಿಲ್ಲರೆ. ಹೊಸ ಪೆಡಲಿನ ಅನುಪಾತ 4 ಆದರೆ ಅದೇ ಕಾಲಿಗೆ 42 ಮಾತ್ರ. "ಹೊಸ ಪೆಡಲ್ ಹಾಕಿದ ಮೇಲೆ ಬ್ರೇಕ್ ಗಟ್ಟಿ, ಹಿಡಿಯೋದಿಲ್ಲ" ಅನ್ನುವ ದೂರಿಗೆ ಎಷ್ಟೋ ಸಲ ಕಾರಣ ಇದೇ. ಎಷ್ಟು ಬ್ಲೀಡ್ ಮಾಡಿದರೂ ಇದು ಹೋಗುವುದಿಲ್ಲ. ಸಣ್ಣ ಬೋರಿನ ಸಿಲಿಂಡರ್ ಹಾಕಿದರೆ ಒತ್ತಡ ಹೆಚ್ಚುತ್ತದೆ, ಆದರೆ ಪೆಡಲ್ ಹೆಚ್ಚು ಕೆಳಗೆ ಹೋಗುತ್ತದೆ. ಎರಡೂ ಸಿಗುವುದಿಲ್ಲ.

ಬ್ಯಾಲೆನ್ಸ್ ಬಾರ್ ಇದ್ದರೆ ಇನ್ನೊಂದು ಜವಾಬ್ದಾರಿ. ಬೀಟಲ್‌ಗೆ ಇಂಜಿನ್ ಹಿಂದೆ ಇದ್ದರೂ ಜೋರು ಬ್ರೇಕಿನಲ್ಲಿ ಭಾರ ಮುಂದಕ್ಕೆ ಬರುತ್ತದೆ. ಹಿಂದಿನ ಚಕ್ರ ಮೊದಲು ಲಾಕ್ ಆದರೆ ಕಾರು ತಿರುಗಿ ನಿಲ್ಲುತ್ತದೆ. ಮುಂದಿನದ್ದು ಮೊದಲು ಲಾಕ್ ಆಗುವ ಹಾಗೆ ಸೆಟ್ ಮಾಡಿ, ನಟ್ ಲಾಕ್ ಮಾಡಿ, ಮಾಲೀಕನ ಕೈಗೆ ತಿರುಗಿಸಲು ಬಿಡಬೇಡಿ. ಒಂದು ಲೈನ್ ಲೀಕ್ ಆದರೂ ಇನ್ನೊಂದು ಹಿಡಿಯಬೇಕು: ಯಾರ್ಡಿನಲ್ಲೇ ಒಂದು ಲೈನಿನ ನಿಪ್ಪಲ್ ಬಿಟ್ಟು ಪೆಡಲ್ ಒತ್ತಿ ನೋಡಿ. ಪೆಡಲ್ ಕೆಳಗಿಳಿಯುತ್ತದೆ, ಆದರೆ ನೆಲ ಮುಟ್ಟುವ ಮೊದಲು ಇನ್ನೊಂದು ಲೈನಿನ ಚಕ್ರ ಹಿಡಿಯಬೇಕು. ಹಿಡಿಯದಿದ್ದರೆ ಕಾರು ಹೊರಗೆ ಹೋಗಬಾರದು. ಪರೀಕ್ಷೆ ಮುಗಿದ ಮೇಲೆ ಆ ಲೈನನ್ನು ಮತ್ತೆ ಬ್ಲೀಡ್ ಮಾಡಲು ಮರೆಯಬೇಡಿ.

ಕ್ಲಚ್ ಕೇಬಲ್ ಮತ್ತು ಆ ಕೊಕ್ಕೆ

ಬೀಟಲ್‌ನ ಕ್ಲಚ್‌ಗೆ ಆಯಿಲ್ ಇಲ್ಲ. ಪೆಡಲ್ ಶಾಫ್ಟಿನ ಕೊಕ್ಕೆಯಿಂದ ಹೊರಟ ಕೇಬಲ್ ಮಧ್ಯದ ಟನಲ್ ಒಳಗೆ ಹಾದು ಹಿಂದಿನ ಗೇರ್‌ಬಾಕ್ಸಿಗೆ ಹೋಗುತ್ತದೆ. ಪೆಡಲ್ ಬಿಚ್ಚುವ ಮೊದಲು ಹಿಂದೆ ಹೋಗಿ ಕೇಬಲ್ ತುದಿಯ ರೆಕ್ಕೆ ನಟ್ ಸಡಿಲಿಸಿ. ಹೊಸದನ್ನು ಕೂರಿಸುವಾಗ ಕೇಬಲ್ ಕಣ್ಣನ್ನು ಕೊಕ್ಕೆಗೆ ಸಿಕ್ಕಿಸಿ, ಪೆಡಲನ್ನು ಹಿಂದಕ್ಕೆ ಎಳೆದು ಬಿಗಿ ಇಟ್ಟುಕೊಂಡೇ ಟನಲ್‌ಗೆ ತೂರಿಸಬೇಕು. ಕೈ ಸಡಿಲಾದರೆ ಕಣ್ಣು ಜಾರಿ ಟನಲ್ ಒಳಗೆ ಬೀಳುತ್ತದೆ, ಮತ್ತೆ ಮೊದಲಿಂದ. ಒಬ್ಬ ಹಿಂದೆ ನಟ್ ಹಿಡಿದು ನಿಂತರೆ ಅರ್ಧ ಗಂಟೆ ಉಳಿಯುತ್ತದೆ.

ಹೊಸ ಸೆಟ್ಟಿನ ಕೊಕ್ಕೆಯ ಬಾಗು ಹಳೆಯದರಂತೆಯೇ ಇದೆಯಾ ನೋಡಿ. ಬಾಗು ಕಮ್ಮಿ ಇದ್ದರೆ ಓಡುವಾಗಲೇ ಕೇಬಲ್ ಕಳಚಿಕೊಳ್ಳುತ್ತದೆ. ಪೆಡಲಿನಲ್ಲಿ 10ರಿಂದ 20 ಮಿ.ಮೀ. ಫ್ರೀ ಪ್ಲೇ ಇಡಿ. ಏನೂ ಬಿಡದಿದ್ದರೆ ಕ್ಲಚ್ ಬೇರಿಂಗ್ ಯಾವಾಗಲೂ ತಿರುಗುತ್ತಾ ಇದ್ದು ಸುಡುತ್ತದೆ, ಪ್ಲೇಟ್ ಸ್ಲಿಪ್ ಆಗುತ್ತದೆ. ಗೇರ್‌ಬಾಕ್ಸ್ ಹತ್ತಿರ ಕೇಬಲ್ ಹಾದು ಬರುವ ರಬ್ಬರ್ ಕೊಳವೆ ನೆಟ್ಟಗೆ ಇರಬಾರದು, 25ರಿಂದ 45 ಮಿ.ಮೀ. ಕೆಳಗೆ ಬಾಗಿರಬೇಕು. ಇಲ್ಲದಿದ್ದರೆ ಕಾರು ಹೊರಡುವಾಗ ಕಂಪಿಸುತ್ತದೆ.

ಆಯಿಲ್, ಧೂಳು, ಲೈಟು

ಬ್ರೇಕ್ ಆಯಿಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಡಾಟ್ 4 ಮಾನದಂಡದ ಪ್ರಕಾರ ಹೊಸ ಆಯಿಲ್ ಕುದಿಯುವುದು ಕನಿಷ್ಠ 230 ಡಿಗ್ರಿಗೆ, ತೇವ ಸೇರಿದ ಮೇಲೆ 155ಕ್ಕೆ. ಗಲ್ಫಿನ ಕರಾವಳಿಯ ತೇವ ನಮ್ಮ ಮಂಗಳೂರಿನ ತೇವಕ್ಕೆ ಕಮ್ಮಿ ಏನಲ್ಲ, ಹಾಗಾಗಿ ಕಳೆದ ವರ್ಷ ತೆರೆದಿಟ್ಟ ಬಾಟಲಿ ಬಳಸಬೇಡಿ. ಸಿಲಿಕಾನ್‌ನ ಡಾಟ್ 5 ಅನ್ನು ಡಾಟ್ 3, ಡಾಟ್ 4 ಜೊತೆ ಬೆರೆಸಬಾರದು. ಸೀಲ್ ಜಾರಲಿ ಅಂತ ಇಂಜಿನ್ ಆಯಿಲ್, ಗ್ರೀಸ್ ಸವರುವವರಿದ್ದಾರೆ, ರಬ್ಬರ್ ಊದಿ ಅದೇ ಜಾಮ್ ಸಮಸ್ಯೆ ಬರುತ್ತದೆ.

ಹಳೆ ಕಾರಿನ ಬ್ರೇಕ್ ಲೈನರಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಡ್ರಮ್ ಬಿಚ್ಚಿ ಕಂಪ್ರೆಸರ್ ಗಾಳಿ ಹೊಡೆಯುವ ಚಟ ಬಿಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕಟ್ಟಿ ಬಿಸಾಡಿ. ಆ ಧೂಳು ಶ್ವಾಸಕೋಶಕ್ಕೆ ಹೋದರೆ ರೋಗ ಕಾಣಿಸುವುದು ಎಷ್ಟೋ ವರ್ಷದ ಮೇಲೆ, ವೀಸಾ ಮುಗಿಸಿ ಊರಲ್ಲಿ ಕೂತಿರುವಾಗ.

ಬೀಟಲ್‌ನ ಬ್ರೇಕ್ ಲೈಟ್ ಸ್ವಿಚ್ ಇರುವುದು ಮಾಸ್ಟರ್ ಸಿಲಿಂಡರಿನಲ್ಲಿ, ಆಯಿಲ್ ಒತ್ತಡಕ್ಕೆ ಕೆಲಸ ಮಾಡುವಂಥದ್ದು. ಬೇರೆ ಪೆಡಲ್ ಬಾಕ್ಸ್ ಹಾಕಿದಾಗ ಆ ಸ್ವಿಚ್ ಹಳೆ ಸಿಲಿಂಡರ್ ಜೊತೆಗೇ ಹೋಗುತ್ತದೆ. ಹಿಂದೆ ಒಬ್ಬರನ್ನು ನಿಲ್ಲಿಸಿ ಲೈಟ್ ನೋಡಿಸಿ. ಹೊಸ ದಪ್ಪ ಕಾರ್ಪೆಟ್ ಪೆಡಲಿಗೆ ತಾಗುತ್ತಾ ಅಂತಲೂ ನೋಡಿ, ಕಾರ್ಪೆಟ್ ತಾಗಿ ಪೆಡಲ್ ಪೂರ್ತಿ ಹಿಂದೆ ಬರದಿದ್ದರೆ ನೀವು ಇಟ್ಟ ಒಂದು ಮಿಲಿಮೀಟರ್ ಅಲ್ಲಿಗೇ ಮುಗಿಯಿತು.

ಕೊಡುವ ಮೊದಲು

ಇಂಜಿನ್ ಬಂದ್ ಇಟ್ಟು ಪೆಡಲ್ ಒತ್ತಿ ಒಂದು ನಿಮಿಷ ಹಿಡಿಯಿರಿ, ಇಳಿಯಬಾರದು. ಆಮೇಲೆ ಯಾರ್ಡಿನೊಳಗೆ ನಿಧಾನ ಓಡಿಸಿ. ಕೊನೆಗೆ ಬಿಸಿಲಲ್ಲಿ ನಿಂತ ಕಾರನ್ನು ಹತ್ತು ಕಿಲೋಮೀಟರ್ ಓಡಿಸಿ ತಂದು, ಜಾಕಿ ಕೊಟ್ಟು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ನಾಲ್ಕೂ ಚಕ್ರ ಕೈಯಲ್ಲಿ ತಿರುಗಿಸಿ. ತಣ್ಣಗಿರುವಾಗ ಮಾಡಿದ ಟ್ರಯಲ್ ಲೆಕ್ಕಕ್ಕಿಲ್ಲ.

ಪೆಡಲ್ ಬಾಕ್ಸ್ ಪೂರ್ತಿ ಬೇರೆಯದಾದರೆ ಪಾಸಿಂಗ್‌ಗೆ ತೊಂದರೆ ಆಗುತ್ತದಾ ಅಂತ ಮಾಲೀಕ ಮೊದಲೇ ವಿಚಾರಿಸಲಿ, ಅದು ಅವನ ಜವಾಬ್ದಾರಿ. ಊರಿಗೆ ಹೋಗಿ ಹಳೆ ಫಿಯೆಟ್, ಅಂಬಾಸಿಡರ್ ಕೆಲಸ ಮಾಡುವ ಯೋಚನೆ ಇರುವವರು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಿಳಿದುಕೊಂಡಿರಿ, ವಾಹನದ ಮಾರ್ಪಾಡಿನ ನಿರ್ಬಂಧ ಇರುವುದು ಅದರಲ್ಲಿ. ಫ್ರೀ ಪ್ಲೇ ಅಳತೆ ಕಾರಿನಿಂದ ಕಾರಿಗೆ ಬೇರೆ, ಆದರೆ ಪಿಸ್ಟನ್ ಪೂರ್ತಿ ಹಿಂದೆ ಬರಬೇಕು ಅನ್ನುವುದು ಅವಕ್ಕೂ ಅಷ್ಟೇ ನಿಜ.

ಜಾಬ್ ಕಾರ್ಡಿನಲ್ಲಿ ಯಾವ ಸೆಟ್, ಯಾರು ತಂದದ್ದು, ಬ್ರೇಕಿಗೆ ಎಷ್ಟು ಪ್ಲೇ, ಕ್ಲಚ್‌ಗೆ ಎಷ್ಟು, ಬಿಸಿ ಟ್ರಯಲ್ ಎಷ್ಟು ಕಿಲೋಮೀಟರ್ ಅಂತ ಬರೆದು ಫೋರ್‌ಮನ್ ಸಹಿ ಹಾಕಿಸಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ಮಾಲೀಕ ಆಮೇಲೆ ಮನೆಯಲ್ಲಿ ಸ್ಟಾಪ್ ಪ್ಲೇಟ್ ಸರಿಸಿ ಜಾಮ್ ಮಾಡಿಕೊಂಡು ಬಂದರೆ ನಿಮ್ಮ ಕೈಯಲ್ಲಿ ತೋರಿಸಲು ಇರುವುದು ಅದೊಂದೇ.