ಸಾಕುನಾಯಿಯೊಡನೆ ವಿದೇಶ ಪ್ರಯಾಣ: ಹೊರಡುವ ಮುನ್ನ ತಿಳಿದಿರಬೇಕಾದ ನಿಯಮಗಳು

ವರ್ತಕ ನಗರದಿಂದ ಡೊಂಬಿವಲಿ, ಕಲ್ಯಾಣದವರೆಗೆ, ಖಾಡಿಯಾಚೆಯ ನವಿ ಮುಂಬಯಿಯವರೆಗೆ ಹರಡಿರುವ ನಮ್ಮ ಕನ್ನಡಿಗ ಪರಿವಾರಗಳಲ್ಲಿ ಉದ್ಯೋಗಕ್ಕಾಗಿಯೋ ಉನ್ನತ ವ್ಯಾಸಂಗಕ್ಕಾಗಿಯೋ ವಿದೇಶಕ್ಕೆ ತೆರಳುವವರು ಅನೇಕರು. ಅಂಥ ಮನೆಯಲ್ಲಿ ನಾಯಿಯೊಂದಿದ್ದರೆ ಅದನ್ನೂ ಕರೆದೊಯ್ಯಬಹುದೇ ಎಂಬ ಪ್ರಶ್ನೆ ಸಾಮಾನ್ಯವಾಗಿ ಏಳುವುದು ವೀಸಾ ಕೈಸೇರಿ, ಟಿಕೆಟು ಕಾದಿರಿಸಿದ ಮೇಲೆ. ಅಷ್ಟರಲ್ಲಿ ಹಲವು ದೇಶಗಳ ಮಟ್ಟಿಗೆ ಸಮಯ ಮೀರಿರುತ್ತದೆ. ಮನುಷ್ಯರ ವೀಸಾ ಕೆಲವು ವಾರಗಳಲ್ಲಿ ದೊರೆತೀತು. ಭಾರತದಲ್ಲಿ ಬೆಳೆದ ನಾಯಿ ಮೊದಲ ಬಾರಿಗೆ ಯುರೋಪಿನ ನೆಲ ಮುಟ್ಟಬೇಕಾದರೆ ಕನಿಷ್ಠ ನಾಲ್ಕು ತಿಂಗಳ ಸಿದ್ಧತೆ ಬೇಕು. ಹಣ ಎಷ್ಟು ಸುರಿದರೂ ಈ ಅವಧಿ ಕಿರಿದಾಗುವುದಿಲ್ಲ. ಆದುದರಿಂದ ನಾಯಿಯ ವಿಚಾರವನ್ನು ಎಲ್ಲಕ್ಕಿಂತ ಮೊದಲು ಯೋಚಿಸಬೇಕೆಂಬುದು ನಮ್ಮ ಬಿನ್ನಹ.

ಇಷ್ಟು ಕಟ್ಟುನಿಟ್ಟಿಗೆ ಮುಖ್ಯ ಕಾರಣ ರೇಬೀಸ್, ಅಂದರೆ ಹುಚ್ಚುನಾಯಿ ರೋಗ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಈ ರೋಗದಿಂದ ಸಾಯುವವರಲ್ಲಿ ಶೇಕಡ 36ರಷ್ಟು ಮಂದಿ ಭಾರತೀಯರು. ಹೀಗಾಗಿ ನಮ್ಮ ನಾಯಿ ಎಷ್ಟೇ ಶುಚಿಯಾಗಿ ಬೆಳೆದಿರಲಿ, ಹೊರದೇಶದ ಅಧಿಕಾರಿಯ ಕಣ್ಣಿಗೆ ಅದು ಅಪಾಯದ ನಾಡಿನಿಂದ ಬಂದ ಪ್ರಾಣಿ. ಇದನ್ನು ಅವಮಾನವೆಂದು ಬಗೆಯಬೇಕಾಗಿಲ್ಲ. ಬ್ರಿಟನ್ ದೇಶವು 1902ರ ಹೊತ್ತಿಗೆ ಈ ರೋಗವನ್ನು ತನ್ನ ದ್ವೀಪದಿಂದ ನಿರ್ಮೂಲ ಮಾಡಿತ್ತು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಸೈನಿಕರು ಗುಟ್ಟಾಗಿ ತಂದ ನಾಯಿಗಳಿಂದ 1918ರಲ್ಲಿ ರೋಗ ಮರುಕಳಿಸಿ, ಮತ್ತೆ ಅಳಿಸಲು 1922ರವರೆಗೆ ಹೆಣಗಬೇಕಾಯಿತು. ಒಂದು ನಾಯಿಯನ್ನು ಕಣ್ಣುತಪ್ಪಿಸಿ ತಂದರೆ ಏನಾದೀತು ಎಂಬುದನ್ನು ಆ ದೇಶ ಪೆಟ್ಟು ತಿಂದು ಕಲಿತಿದೆ.

ಕನ್ನಡ ನಾಡಿನ ನಾಯಿಗೆ ಸಾಗರೋಲ್ಲಂಘನ ಹೊಸದೇನೂ ಅಲ್ಲ. ಈಗಿನ ಬಾಗಲಕೋಟೆ ಜಿಲ್ಲೆಯ ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆಯವರು ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ತಮ್ಮ ಬೇಟೆನಾಯಿಗಳ ಜೋಡಿಯೊಂದನ್ನು ಕಾಣಿಕೆಯಾಗಿ ಕೊಟ್ಟರೆಂಬ ಮಾತು ಪ್ರಸಿದ್ಧವಾಗಿದೆ. ಮುಧೋಳ ನಾಯಿಯ ಚಿತ್ರವುಳ್ಳ ಅಂಚೆಚೀಟಿಯನ್ನು ನಮ್ಮ ಅಂಚೆ ಇಲಾಖೆ 2005ರ ಜನವರಿಯಲ್ಲಿ ಹೊರತಂದಿತು. ದೊರೆಗಳ ನಾಯಿಗಳ ಮಾತು ಬೇರೆ. ಸಾಮಾನ್ಯರ ನಾಯಿ ಭಾರತದಿಂದ ಬ್ರಿಟನ್ನಿಗೆ ಹೋದರೆ ಆರು ತಿಂಗಳು ಕ್ವಾರಂಟೈನ್ ಗೂಡಿನಲ್ಲಿ ಕಳೆಯಬೇಕಿತ್ತು. 2000ದ ಫೆಬ್ರವರಿ 28ರಂದು ಆರಂಭವಾದ ಬ್ರಿಟನ್ನಿನ ಸಾಕುಪ್ರಾಣಿ ಪ್ರಯಾಣ ಯೋಜನೆಯೂ ಮೊದಲಿಗೆ ಭಾರತಕ್ಕೆ ಅನ್ವಯಿಸಲಿಲ್ಲ. 2012ರ ಜನವರಿ 1ರಿಂದ ಮಾತ್ರ ಲಸಿಕೆ, ರಕ್ತಪರೀಕ್ಷೆ ಮತ್ತು ಮೂರು ತಿಂಗಳ ಕಾಯುವಿಕೆಯನ್ನು ಪೂರೈಸಿದ ಭಾರತದ ನಾಯಿ ಗೂಡಿನ ವಾಸವಿಲ್ಲದೆ ಒಡೆಯರ ಮನೆ ಸೇರುವಂತಾಯಿತು.

ಈ ಸಿದ್ಧತೆಯ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಅನೇಕರ ಯೋಜನೆ ಮುರಿದುಬೀಳುವುದು ಇಲ್ಲಿಯೇ. ಮೊದಲು ನಾಯಿಯ ಚರ್ಮದಡಿ ಅಂತರರಾಷ್ಟ್ರೀಯ ಮಾನದಂಡದ, 15 ಅಂಕೆಗಳ ಮೈಕ್ರೋಚಿಪ್ಪನ್ನು ಪಶುವೈದ್ಯರಿಂದ ಹಾಕಿಸಬೇಕು. ಅನಂತರವೇ ರೇಬೀಸ್ ಲಸಿಕೆ. ಚಿಪ್ಪಿಗೆ ಮುಂಚೆ ಕೊಡಿಸಿದ ಲಸಿಕೆ, ಹತ್ತು ವರ್ಷ ತಪ್ಪದೆ ಕೊಡಿಸಿದ್ದರೂ, ಲೆಕ್ಕಕ್ಕೆ ಬರುವುದಿಲ್ಲ. ಲಸಿಕೆ ಪಡೆದದ್ದು ಇದೇ ನಾಯಿಯೆಂಬುದಕ್ಕೆ ಆಗ ಸಾಕ್ಷಿಯಿಲ್ಲವಲ್ಲ! ನಮ್ಮ ಕಡೆಯ ಬಹುತೇಕ ಮನೆಗಳಲ್ಲಿ ಲಸಿಕೆಯ ಪುಸ್ತಕ ಭದ್ರವಾಗಿರುತ್ತದೆ, ಚಿಪ್ ಇರುವುದಿಲ್ಲ. ಅಂಥವರು ಚಿಪ್ ಹಾಕಿಸಿ ಹೊಸದಾಗಿ ಲಸಿಕೆಯಿಂದಲೇ ಪ್ರಾರಂಭಿಸಬೇಕು.

ಲಸಿಕೆಯಾಗಿ ಕನಿಷ್ಠ 30 ದಿನಗಳ ಬಳಿಕ ರಕ್ತ ತೆಗೆಸಿ ಟೈಟರ್ ಪರೀಕ್ಷೆಗೆ ಕಳುಹಿಸಬೇಕು. ನಾಯಿಯ ರಕ್ತದಲ್ಲಿ ರೇಬೀಸನ್ನು ತಡೆಯುವ ಪ್ರತಿಕಾಯಗಳು ಸಾಕಷ್ಟಿವೆಯೇ ಎಂದು ಅಳೆಯುವ ಪರೀಕ್ಷೆಯಿದು. ಪ್ರತಿ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಯೂನಿಟ್ ಅಥವಾ ಅದಕ್ಕಿಂತ ಹೆಚ್ಚು ಬಂದರೆ ತೇರ್ಗಡೆ. ಯುರೋಪ್ ಒಕ್ಕೂಟಕ್ಕೂ ಬ್ರಿಟನ್ನಿಗೂ ರಕ್ತ ತೆಗೆದ ದಿನದಿಂದ ಇನ್ನೂ ಮೂರು ತಿಂಗಳು ಕಾಯಬೇಕು. ಪರೀಕ್ಷೆಯಲ್ಲಿ ಗೆದ್ದ ಮೇಲೂ ಏಕೆ ಕಾಯಬೇಕೆಂದು ಕೇಳುವುದು ಸಹಜ. ಲಸಿಕೆ ಪಡೆಯುವ ಮೊದಲೇ ಹುಚ್ಚುನಾಯಿ ಕಚ್ಚಿದ್ದರೆ ರೋಗವು ವಾರಗಟ್ಟಲೆ, ತಿಂಗಳುಗಟ್ಟಲೆ ಒಳಗೇ ಅಡಗಿರಬಲ್ಲುದು. ಅಂಥ ರೋಗ ಹೊರಬೀಳುವುದಾದರೆ ನಾಯಿ ಇನ್ನೂ ತವರಿನಲ್ಲಿರುವಾಗಲೇ ಹೊರಬೀಳಲಿ ಎಂಬುದು ಆ ಮೂರು ತಿಂಗಳ ಅರ್ಥ.

ಪರೀಕ್ಷೆಯನ್ನು ಗಮ್ಯ ದೇಶವು ಮಾನ್ಯ ಮಾಡಿದ ಪ್ರಯೋಗಾಲಯದಲ್ಲೇ ಮಾಡಿಸಬೇಕು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿರುವ ರೇಬೀಸ್ ಪ್ರಯೋಗಾಲಯವು ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಪರಾಮರ್ಶನ ಪ್ರಯೋಗಾಲಯವೆಂಬ ಮನ್ನಣೆ ಪಡೆದಿದೆ. ಕನ್ನಡಿಗರಾದ ನಮಗೆ ಇದು ಅಭಿಮಾನದ ಸಂಗತಿ. ಆದರೆ ಮಾನ್ಯ ಪ್ರಯೋಗಾಲಯಗಳ ಪಟ್ಟಿ ದೇಶದಿಂದ ದೇಶಕ್ಕೆ ಬೇರೆ, ಕಾಲಕಾಲಕ್ಕೆ ಬದಲಾಗುವಂಥದು. ರಕ್ತ ತೆಗೆಸುವ ವಾರದಲ್ಲಿ ಆಯಾ ದೇಶದ ಅಧಿಕೃತ ಪಟ್ಟಿಯನ್ನು ನೋಡಿಯೇ ಕಳುಹಿಸುವುದು ಲೇಸು. ಒಮ್ಮೆ ತೇರ್ಗಡೆಯಾದ ನಾಯಿಗೆ ಮುಂದಿನ ಲಸಿಕೆಗಳನ್ನು ಗಡುವಿನೊಳಗೆ ತಪ್ಪದೆ ಕೊಡಿಸುತ್ತಿದ್ದರೆ ಯುರೋಪಿಗೆ ಮತ್ತೆ ಪರೀಕ್ಷೆ ಬೇಡ. ಒಂದೇ ದಿನ ತಡವಾದರೂ ಲೆಕ್ಕ ಮೊದಲಿನಿಂದ.

ಅಮೆರಿಕದ ನಿಯಮಗಳು ಈಚಿನ ವರ್ಷಗಳಲ್ಲಿ ಬಹಳವಾಗಿ ಬದಲಾಗಿವೆ. ಮೊದಲು ರೇಬೀಸ್ ಲಸಿಕೆಯ ಪ್ರಮಾಣಪತ್ರವೊಂದಿದ್ದರೆ ಭಾರತದ ನಾಯಿ ಅಲ್ಲಿ ಇಳಿಯುತ್ತಿತ್ತು. ಕೊರೊನಾ ಕಾಲದಲ್ಲಿ ಸುಳ್ಳು ಪ್ರಮಾಣಪತ್ರಗಳ ಹಾವಳಿ ಹೆಚ್ಚಿದ್ದರಿಂದ ಅಲ್ಲಿನ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, ಭಾರತವೂ ಸೇರಿದಂತೆ ಅಪಾಯದ ಪಟ್ಟಿಯಲ್ಲಿದ್ದ ದೇಶಗಳಿಂದ ಬರುವ ನಾಯಿಗಳ ಪ್ರವೇಶವನ್ನು 2021ರ ಜುಲೈ 14ರಿಂದ ತಾತ್ಕಾಲಿಕವಾಗಿ ನಿಲ್ಲಿಸಿತು. ಈ ಆದೇಶ ಬಂದದ್ದು ಕೇವಲ ಒಂದು ತಿಂಗಳ ಮುನ್ಸೂಚನೆಯೊಡನೆ. ತಾತ್ಕಾಲಿಕವೆಂದದ್ದು ಮತ್ತೆ ಮತ್ತೆ ಮುಂದುವರಿದು, 2024ರ ಆಗಸ್ಟ್ 1ರಂದು ಹೊಸ ನಿಯಮಾವಳಿ ಅದರ ಸ್ಥಾನಕ್ಕೆ ಬಂದಿತು. ಅದರಂತೆ ನಾಯಿಗೆ ಆರು ತಿಂಗಳು ತುಂಬಿರಬೇಕು, ಚಿಪ್ ಇರಬೇಕು, ಸಿಡಿಸಿಯ ಆನ್‌ಲೈನ್ ಅರ್ಜಿ ತುಂಬಿರಬೇಕು. ಭಾರತದಲ್ಲಿ ಲಸಿಕೆ ಪಡೆದ ನಾಯಿಗೆ ಇವುಗಳ ಜೊತೆಗೆ ಸರಕಾರಿ ಪಶುವೈದ್ಯಾಧಿಕಾರಿಯ ಮೊಹರುಳ್ಳ ಸಿಡಿಸಿ ಪ್ರಮಾಣಪತ್ರ ಮತ್ತು ಅಲ್ಲಿ ನೋಂದಾಯಿತವಾದ ಪ್ರಾಣಿಪಾಲನಾ ಕೇಂದ್ರವೊಂದರಲ್ಲಿ ಮುಂಗಡ ಕಾದಿರಿಸುವಿಕೆ ಅಗತ್ಯ. ಅಂಥ ಕೇಂದ್ರವಿರುವ ಕೆಲವೇ ವಿಮಾನ ನಿಲ್ದಾಣಗಳಲ್ಲಿ ಮಾತ್ರ ಇಳಿಯಬೇಕು. ಟೈಟರ್ ಪರೀಕ್ಷೆಗೆ ರಕ್ತ ತೆಗೆದು ಕನಿಷ್ಠ 28 ದಿನ ಕಳೆದಿರಬೇಕು. ಪರೀಕ್ಷೆ ಇಲ್ಲದಿದ್ದರೆ ಆ ಕೇಂದ್ರದಲ್ಲಿ 28 ದಿನ ಕ್ವಾರಂಟೈನ್, ಖರ್ಚು ಒಡೆಯರದೇ. ಮಗಳ ಮನೆ ಚಿಕಾಗೋದಲ್ಲಿದೆ ಎಂದು ಅಲ್ಲಿಗೇ ನೇರ ಟಿಕೆಟು ತೆಗೆಸುವ ಮೊದಲು ನಾಯಿ ಎಲ್ಲಿ ಇಳಿಯಬಹುದು ಎಂಬುದನ್ನು ನೋಡಬೇಕು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಅನ್ವಯಿಸುವುದು ನಾಯಿ ಅಲ್ಲಿಗೆ ತಲಪಿದ ದಿನದ ನಿಯಮ, ಟಿಕೆಟು ಕೊಂಡ ದಿನದ್ದಲ್ಲ. ನಾಲ್ಕು ತಿಂಗಳ ಸಿದ್ಧತೆಯ ನಡುವೆ ನಿಯಮ ಬದಲಾದರೆ ಹೊಣೆ ಪ್ರಯಾಣಿಕರದೇ. ಗೆಳೆಯರು ಎರಡು ವರ್ಷಗಳ ಹಿಂದೆ ಹೇಗೆ ಒಯ್ದರು ಎಂಬ ಅನುಭವಕಥನ ಧೈರ್ಯಕ್ಕೆ ಒಳ್ಳೆಯದು, ಆಧಾರಕ್ಕೆ ಸಾಲದು.

ಕೆನಡಾ ಸ್ವಂತ ಸಾಕುನಾಯಿಯ ವಿಷಯದಲ್ಲಿ ಇನ್ನೂ ಉದಾರಿ. ಆದರೆ 2022ರ ಸೆಪ್ಟೆಂಬರ್ 28ರಿಂದ ಭಾರತದಂಥ ದೇಶಗಳ ‘ವಾಣಿಜ್ಯ’ ನಾಯಿಗಳನ್ನು ನಿಷೇಧಿಸಿದೆ. ಇಲ್ಲಿಯ ಬೀದಿಮರಿಯನ್ನು ಅಲ್ಲಿ ಇನ್ನೊಬ್ಬರಿಗೆ ದತ್ತು ಕೊಡಲೆಂದು ಒಯ್ಯುವುದೂ ಆ ಕಾನೂನಿನಲ್ಲಿ ವಾಣಿಜ್ಯವೇ. ನಮ್ಮವರು ಹೆಚ್ಚಾಗಿರುವ ಯುಎಇಗೆ ಮುಂಗಡ ಆಮದು ಪರವಾನಗಿ ಬೇಕು, ಪಿಟ್ ಬುಲ್, ತೋಸಾ ಮೊದಲಾದ ತಳಿಗಳಿಗೆ ಪ್ರವೇಶವಿಲ್ಲ. ಆಸ್ಟ್ರೇಲಿಯಾ ಭಾರತದಿಂದ ನೇರವಾಗಿ ನಾಯಿಯನ್ನು ಸ್ವೀಕರಿಸುವುದೇ ಇಲ್ಲ. ತಾನು ಒಪ್ಪಿದ ಬೇರೊಂದು ದೇಶದಲ್ಲಿ ತಿಂಗಳುಗಟ್ಟಲೆ ಇದ್ದು, ಅಲ್ಲಿಂದ ಮೆಲ್ಬರ್ನ್ ಬಳಿಯ ಮಿಕಲ್‌ಹ್ಯಾಮ್ ಕೇಂದ್ರದಲ್ಲಿ ಕ್ವಾರಂಟೈನ್ ಮುಗಿಸಿ ಹೋಗಬೇಕು. 2015ರಲ್ಲಿ ಹಾಲಿವುಡ್ ನಟ ಜಾನಿ ಡೆಪ್ ದಂಪತಿ ಖಾಸಗಿ ವಿಮಾನದಲ್ಲಿ ಘೋಷಿಸದೆ ತಂದ ಎರಡು ಪುಟ್ಟ ನಾಯಿಗಳನ್ನೇ ಆ ದೇಶ ಹಿಂದಕ್ಕೆ ಅಟ್ಟಿತು. ಪತ್ನಿ ಮರುವರ್ಷ ನ್ಯಾಯಾಲಯದ ಕಟಕಟೆ ಏರಬೇಕಾಯಿತು. ಅಂಥವರಿಗೇ ಇಲ್ಲದ ರಿಯಾಯಿತಿ ನಮಗೆಲ್ಲಿಯದು?

ಇನ್ನು ನಮ್ಮ ದೇಶದಿಂದ ಹೊರಡುವ ವಿಧಿ. ಕೇಂದ್ರ ಪಶುಸಂಗೋಪನಾ ಇಲಾಖೆಯ ಅಧೀನದ ಪ್ರಾಣಿ ಕ್ವಾರಂಟೈನ್ ಮತ್ತು ಪ್ರಮಾಣೀಕರಣ ಸೇವೆಯ ಮುಂಬಯಿ ಕೇಂದ್ರಕ್ಕೆ ಅರ್ಜಿ ಸಲ್ಲಿಸಿ, ನಾಯಿಯನ್ನು ಅಧಿಕಾರಿಯ ಮುಂದೆ ಹಾಜರುಪಡಿಸಿ ಆರೋಗ್ಯ ಪ್ರಮಾಣಪತ್ರ ಪಡೆಯಬೇಕು. ಯುರೋಪಿಗೆ ಈ ಪತ್ರ ಅಲ್ಲಿ ತಲಪುವ ದಿನಕ್ಕೆ ಹತ್ತು ದಿನಗಳ ಒಳಗಿನದಾಗಿರಬೇಕು. ಬ್ರಿಟನ್ನಿಗಾದರೆ ತಲಪುವ 24 ಗಂಟೆಯಿಂದ 120 ಗಂಟೆಗಳ ಮುಂಚೆ ಲಾಡಿಹುಳುವಿನ ಔಷಧಿಯನ್ನೂ ಪಶುವೈದ್ಯರೇ ಕೊಟ್ಟು ದಾಖಲಿಸಬೇಕು, ಮತ್ತು ಅಲ್ಲಿಗೆ ವಿಮಾನದಲ್ಲಿ ಹೋಗುವ ನಾಯಿ ಪ್ರಯಾಣಿಕರ ಸಾಮಾನಾಗಿ ಹೋಗುವಂತಿಲ್ಲ, ಸರಕಾಗಿಯೇ ಹೋಗಬೇಕು. ಚಿಪ್ಪಿನ ಸಂಖ್ಯೆ, ಹುಟ್ಟಿದ ದಿನ, ಬಣ್ಣ, ಒಡೆಯರ ಹೆಸರಿನ ಅಕ್ಷರ ಎಲ್ಲ ಕಾಗದಗಳಲ್ಲೂ ಒಂದೇ ತೆರನಾಗಿರಲಿ. ನವಿ ಮುಂಬಯಿಯ ಹೊಸ ವಿಮಾನ ನಿಲ್ದಾಣದಿಂದ 2025ರ ಡಿಸೆಂಬರ್ 25ರಂದು ಹಾರಾಟ ಆರಂಭವಾಗಿದೆ. ಮನೆಗೆ ಹತ್ತಿರವೆಂದು ಅಲ್ಲಿಂದ ಹೊರಡಬಯಸುವವರು ನಾಯಿಯ ವ್ಯವಸ್ಥೆಯ ಬಗ್ಗೆ ವಿಮಾನ ಸಂಸ್ಥೆಯಿಂದ ಬರಹದಲ್ಲೇ ಉತ್ತರ ಪಡೆಯಲಿ.

ನಾಯಿ ಪಂಜರದಲ್ಲಿ ಎದ್ದು ನಿಂತು, ತಿರುಗಿ, ಕಾಲು ಚಾಚಿ ಮಲಗುವಂತಿರಬೇಕೆಂಬುದು ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಸಂಘದ ಕಟ್ಟಳೆ. ಪಂಜರವನ್ನು ಎರಡು ತಿಂಗಳು ಮುಂಚೆಯೇ ಮನೆಗೆ ತಂದು ಬಾಗಿಲು ತೆರೆದಿಟ್ಟು, ಅದರಲ್ಲೇ ಊಟ, ನಿದ್ದೆ ಅಭ್ಯಾಸ ಮಾಡಿಸುವುದು ಒಳ್ಳೆಯದು. ನಿದ್ದೆಯ ಮಾತ್ರೆ ಕೊಟ್ಟು ಕಳುಹಿಸುವ ಯೋಚನೆ ಬೇಡ. ಎತ್ತರದಲ್ಲಿ ಅದು ಉಸಿರಾಟಕ್ಕೆ ಅಪಾಯಕರ, ಸಂಸ್ಥೆಗಳೂ ಒಪ್ಪುವುದಿಲ್ಲ. 2003ರ ಹಚ್ ಮೊಬೈಲ್ ಜಾಹೀರಾತಿನ ಬಳಿಕ ನಮ್ಮ ಕಟ್ಟಡಗಳಲ್ಲೂ ತುಂಬಿಹೋದ ಪಗ್ ಮೊದಲಾದ ಚಪ್ಪಟೆ ಮೂಗಿನ ನಾಯಿಗಳಿಗೆ ಉಸಿರಾಟದ ತೊಂದರೆ ಇರುವುದರಿಂದ ಹಲವು ಸಂಸ್ಥೆಗಳು ಅವನ್ನು ಒಯ್ಯಲು ನಿರಾಕರಿಸುತ್ತವೆ. ಈ ದೃಷ್ಟಿಯಿಂದ, ಬೀದಿಯಲ್ಲಿ ಹುಟ್ಟಿ ಮನೆ ಸೇರಿದ ನಮ್ಮ ದೇಸಿ ನಾಯಿಯೇ ಗಟ್ಟಿ ಪ್ರಯಾಣಿಕ.

ಹಿಂದಿರುಗುವ ದಾರಿ ಇನ್ನೂ ಇಕ್ಕಟ್ಟಿನದು. ಎರಡು ವರ್ಷ ಸತತವಾಗಿ ಹೊರದೇಶದಲ್ಲಿದ್ದು ವಾಸಸ್ಥಾನ ಬದಲಿಸಿ ಬರುವವರಿಗೆ ಮಾತ್ರ ಎರಡು ಸಾಕುಪ್ರಾಣಿಗಳನ್ನು ಸಾಮಾನಿನೊಡನೆ ತರಲು ಅವಕಾಶವೆಂದು ಸುಂಕ ಇಲಾಖೆಯ 2013ರ ಸುತ್ತೋಲೆ ಸ್ಪಷ್ಟಪಡಿಸಿತು. ಬ್ಯಾಗೇಜ್ ನಿಯಮಗಳು ಆ ಬಳಿಕ ಪರಿಷ್ಕೃತವಾಗಿರುವುದರಿಂದ ಹೊರಡುವ ಮುನ್ನ ಆ ಹೊತ್ತಿನ ನಿಯಮವನ್ನೂ ಕ್ವಾರಂಟೈನ್ ಕೇಂದ್ರದ ನಿರಾಕ್ಷೇಪಣಾ ಪತ್ರದ ವಿಧಾನವನ್ನೂ ವಿಚಾರಿಸಬೇಕು. ಇಲ್ಲಿಂದಲೇ ಹೋದ ನಾಯಿಯಾದರೆ ಹೋಗುವಾಗಿನ ಪ್ರಮಾಣಪತ್ರ ಬಲವಾದ ಆಧಾರ. ಅದರ ಪ್ರತಿಯನ್ನು ಜೋಪಾನವಾಗಿಡಬೇಕು. ಕ್ವಾರಂಟೈನ್ ಕೇಂದ್ರಗಳಿರುವುದು ಮುಂಬಯಿ, ದೆಹಲಿ, ಕೋಲ್ಕತ್ತ, ಚೆನ್ನೈ, ಬೆಂಗಳೂರು, ಹೈದರಾಬಾದುಗಳಲ್ಲಿ; 2024ರಲ್ಲಿ ಕೊಚ್ಚಿಯೂ ಸೇರಿತು. ದುಬೈಯಿಂದ ಮಂಗಳೂರಿಗೆ ನೇರ ವಿಮಾನ ಹಿಡಿಯುವ ನಮ್ಮ ಕರಾವಳಿಯವರು ನಾಯಿಯಿದ್ದಾಗ ಈ ಊರುಗಳ ದಾರಿಯನ್ನೇ ಯೋಚಿಸಬೇಕು. ನಿಯಮ ಸಡಿಲವಾದ ಸಂದರ್ಭವೂ ಒಂದುಂಟು. 2022ರಲ್ಲಿ ಯುಕ್ರೇನ್ ಯುದ್ಧದ ನಡುವೆ ನಾಯಿಯನ್ನು ಬಿಟ್ಟು ಬರಲೊಲ್ಲದ ನಮ್ಮ ವಿದ್ಯಾರ್ಥಿಗಳಿಗಾಗಿ ಸರಕಾರ ಒಂದು ಬಾರಿಯ ವಿನಾಯಿತಿ ನೀಡಿತು. ನಾಯಿಯನ್ನು ಬಿಟ್ಟು ಸ್ವರ್ಗದ ರಥ ಏರೆನೆಂದ ಧರ್ಮರಾಯ ಆಗ ನಮಗೆ ನೆನಪಾದದ್ದು ಸಹಜ.

ಎಲ್ಲ ನಾಯಿಗಳನ್ನೂ ಒಯ್ಯಲೇಬೇಕೆಂದು ನಾವು ಹೇಳುವುದಿಲ್ಲ. ಹನ್ನೆರಡು ದಾಟಿದ, ಹೃದಯದ ತೊಂದರೆಯುಳ್ಳ ನಾಯಿಗೆ ಇಪ್ಪತ್ತು ಗಂಟೆಯ ಪ್ರಯಾಣಕ್ಕಿಂತ ತಿಳಿದ ಮನೆಯ ಮೂಲೆಯೇ ಹಿತ. ಆದರೆ ವಯಸ್ಸಾದ ತಂದೆತಾಯಿಗಳ ಕೈಗೆ ಲ್ಯಾಬ್ರಡಾರಿನ ಸರಪಳಿಯನ್ನಿತ್ತು ವಿಮಾನ ಏರುವುದು ಇಬ್ಬರಿಗೂ ಮಾಡುವ ಅನ್ಯಾಯ. ಮೊಣಕಾಲು ನೋವಿನ ಅಜ್ಜನನ್ನು ಅದು ಒಂದೇ ಸೆಳೆತಕ್ಕೆ ಕೆಡವೀತು. ಹೊರಡುವ ಮೂರು ತಿಂಗಳ ಮೊದಲೇ ಒಪ್ಪಿದ ಬಂಧುವೊಬ್ಬರ ಮನೆಯಲ್ಲಿ ಆಗಾಗ ಬಿಟ್ಟು ರೂಢಿ ಮಾಡಿಸಿ, ನಗರಪಾಲಿಕೆಯ ಪರವಾನಗಿಯನ್ನೂ ಲಸಿಕೆಯ ಪುಸ್ತಕವನ್ನೂ ಅವರ ಹೆಸರಿಗೆ ಮಾಡಿಸಬೇಕು, ತಿಂಗಳ ಖರ್ಚನ್ನು ಮಾತಾಡಿ ನಿಗದಿಪಡಿಸಬೇಕು. ಮುಂದೆ ಯುರೋಪಿಗೆ ಕರೆಸಿಕೊಳ್ಳುವ ಆಸೆ ಇದ್ದರೆ ಚಿಪ್, ಲಸಿಕೆ, ಟೈಟರ್ ಪರೀಕ್ಷೆಗಳನ್ನು ಈಗಲೇ ಮುಗಿಸಿ, ಪುಸ್ತಕವನ್ನು ಮಾತ್ರ ತಮ್ಮ ಹೆಸರಿನಲ್ಲೇ ಉಳಿಸಿಕೊಳ್ಳಲಿ. ಲಸಿಕೆಯ ಗಡುವು ತಪ್ಪದಿದ್ದರೆ ಆಗ ನಾಲ್ಕು ತಿಂಗಳು ಕಾಯಬೇಕಿಲ್ಲ. ಅಂಥ ಸಂದರ್ಭದಲ್ಲಿ ಒಡೆಯರು ಪ್ರಯಾಣಿಸಿದ ಐದು ದಿನಗಳ ಒಳಗೆ ನಾಯಿಯೂ ಪ್ರಯಾಣಿಸಬೇಕೆಂಬ ನಿಯಮವಿರುವುದರಿಂದ, ಊರಿಗೆ ಬಂದು ಮರಳುವ ರಜೆಯನ್ನು ಅದಕ್ಕೆ ಹೊಂದಿಸಿಕೊಳ್ಳಬೇಕಾಗುತ್ತದೆ.