ಗಂಟೆಗಳ ಲೆಕ್ಕ ಮತ್ತು ಪಾಠದ ಸ್ಥಾನ: ಎಂಬಿಬಿಎಸ್ ಪಠ್ಯಕ್ರಮದಲ್ಲಿ ಲೈಂಗಿಕ ಅಲ್ಪಸಂಖ್ಯಾತರು

ಸಲಿಂಗ ಒಲವು ರೋಗವಲ್ಲ ಎಂಬುದರ ಬಗ್ಗೆ ವೈದ್ಯಶಾಸ್ತ್ರದಲ್ಲಿ ಈಗ ವಾದವಿಲ್ಲ. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಅದನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟವು; ಭಾರತೀಯ ಮನೋವೈದ್ಯಕೀಯ ಸಂಘ 2018ರಲ್ಲಿ ಇದೇ ನಿಲುವನ್ನು ಸಾರಿತು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 18ನೇ ಕಲಮು ಲೈಂಗಿಕ ಒಲವಿನ ಕಾರಣಕ್ಕೆ ಸೇವೆಯಲ್ಲಿ ತಾರತಮ್ಯ ಮಾಡುವುದನ್ನು ನಿಷೇಧಿಸುತ್ತದೆ. 2019ರ ಲಿಂಗತ್ವ ಅಲ್ಪಸಂಖ್ಯಾತರ ಕಾಯ್ದೆಯ 15ನೇ ಕಲಮು ವೈದ್ಯಕೀಯ ಪಠ್ಯಕ್ರಮದ ಮರುಪರಿಶೀಲನೆಯನ್ನು ಸರ್ಕಾರದ ಹೊಣೆಯಾಗಿಸಿದೆ. ತಕರಾರು ಉಳಿದಿರುವುದು ಒಂದು ಪ್ರಶ್ನೆಯಲ್ಲಿ: ಪಠ್ಯಕ್ರಮವು ಈ ಜನರನ್ನು ಒಳಗೊಂಡಿದೆಯೇ ಎಂದು ಯಾವುದರಿಂದ ಅಳೆಯಬೇಕು?

ಜೂನೋ ಒಬೆಡಿನ್-ಮಲಿವರ್ ಮತ್ತು ಸಂಗಡಿಗರು 2011ರಲ್ಲಿ ಅಮೆರಿಕ, ಕೆನಡಾಗಳ ವೈದ್ಯಕೀಯ ಕಾಲೇಜುಗಳ ಸಮೀಕ್ಷೆ ಪ್ರಕಟಿಸಿದರು. ಇಡೀ ಪದವಿ ಅವಧಿಯಲ್ಲಿ ಈ ವಿಷಯಕ್ಕೆ ಸಿಗುತ್ತಿದ್ದ ಬೋಧನೆಯ ಮಧ್ಯಾಂಕ 5 ಗಂಟೆ; ಉತ್ತರಿಸಿದ ಕಾಲೇಜುಗಳಲ್ಲಿ ಮೂರರಲ್ಲೊಂದು ಪಾಲು ಕ್ಲಿನಿಕಲ್ ವರ್ಷಗಳಲ್ಲಿ ಒಂದು ಗಂಟೆಯನ್ನೂ ಕೊಟ್ಟಿರಲಿಲ್ಲ. ಸಮೀಕ್ಷೆ ಬೋಧನೆಯ ಗುಣಮಟ್ಟವನ್ನೂ ಕೇಳಿತ್ತು ಎಂಬುದನ್ನು ಒಪ್ಪಲೇಬೇಕು. ಆದರೆ ಅದರಿಂದ ಎಲ್ಲೆಡೆ ಹರಡಿದ್ದು ಗಂಟೆಗಳ ಲೆಕ್ಕ. ಆ ಲೆಕ್ಕದ ಹಿಂದೆ ಒಂದು ಗ್ರಹಿಕೆಯಿದೆ: ಕೊರತೆಯೆಂದರೆ ಮೌನ, ಮೌನ ಮುರಿದಷ್ಟೂ ಒಳಗೊಳ್ಳುವಿಕೆ ಹೆಚ್ಚುತ್ತದೆ ಎಂಬುದು. ಭಾರತದ ಮಟ್ಟಿಗೆ ಈ ಗ್ರಹಿಕೆ ನಿಲ್ಲುವುದಿಲ್ಲ.

ನಮ್ಮಲ್ಲಿ ವಿಷಯ ಪಠ್ಯದಿಂದ ಹೊರಗಿರಲಿಲ್ಲ; ನ್ಯಾಯವೈದ್ಯಶಾಸ್ತ್ರದಲ್ಲಿ, ಅಪರಾಧಗಳ ಸಾಲಿನಲ್ಲಿತ್ತು. ಮದರಾಸು ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರ 2021ರ ಆದೇಶಗಳ ಬೆನ್ನಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗವು ಪಠ್ಯಗಳಲ್ಲಿನ ಅವಹೇಳನಕಾರಿ ಭಾಗಗಳ ಬಗ್ಗೆ ಎಚ್ಚರಿಸಿತು. 2022ರಲ್ಲಿ 'ಪರಿವರ್ತನಾ ಚಿಕಿತ್ಸೆ'ಯನ್ನು ವೃತ್ತಿ ದುರ್ನಡತೆ ಎಂದಿತು. ಆದರೂ ಆಯೋಗದ 2024ರ ಆಗಸ್ಟ್ 31ರ ಪಠ್ಯಕ್ರಮ ಮಾರ್ಗಸೂಚಿಯಲ್ಲಿ ಗುದಸಂಭೋಗ ಮತ್ತು ಸ್ತ್ರೀ ಸಲಿಂಗಕಾಮ 'ಅಸ್ವಾಭಾವಿಕ ಲೈಂಗಿಕ ಅಪರಾಧ'ಗಳಾಗಿ ಮರಳಿದವು. ಸಮ್ಮತಿಯ ಸಂಬಂಧವನ್ನು ಸುಪ್ರೀಂ ಕೋರ್ಟ್ 2018ರಲ್ಲೇ ಅಪರಾಧಮುಕ್ತಗೊಳಿಸಿತ್ತು. ಅಷ್ಟೇ ಅಲ್ಲ, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ ದಂಡ ಸಂಹಿತೆಯ 377ನೇ ಕಲಮೇ ಇಲ್ಲ. ಕಾನೂನು ಕೈಬಿಟ್ಟ ಅಪರಾಧವನ್ನು ಪಠ್ಯಕ್ರಮ ಉಳಿಸಿಕೊಂಡಿತ್ತು. ಗಂಟೆಗಳ ಮಾಪನ ಈ ಪಾಠವನ್ನೂ ಗಳಿಕೆಯ ಖಾತೆಗೇ ಬರೆದೀತು.

ಹಾಗಾಗಿ ಬೋಧನೆಯ ಪ್ರಮಾಣಕ್ಕಿಂತ ಪಾಠದ ಸ್ಥಾನವೇ ನಿರ್ಣಾಯಕ ಎಂಬುದು ನನ್ನ ವಾದ. ಈ ರೋಗಿಗಳನ್ನು ಅಪರಾಧ ಅಥವಾ ಎಚ್‌ಐವಿ ಸೋಂಕಿನ ಅಧ್ಯಾಯದಲ್ಲಷ್ಟೇ ಕಂಡ ವಿದ್ಯಾರ್ಥಿಯಲ್ಲಿ ಹೆಚ್ಚುವರಿ ಗಂಟೆಗಳು ಪೂರ್ವಗ್ರಹವನ್ನೇ ಗಟ್ಟಿಗೊಳಿಸಬಹುದು. 'ಬಹುದು' ಎಂಬ ಎಚ್ಚರಿಕೆ ಇಲ್ಲಿ ಅಗತ್ಯ. ನಾನು ಓದುತ್ತಿರುವುದು ಪಠ್ಯಕ್ರಮದ ದಾಖಲೆಯನ್ನು, ತರಗತಿಯನ್ನಲ್ಲ. ದಾಖಲೆಯನ್ನು ಮೀರಿ ಕಲಿಸುವ ಅಧ್ಯಾಪಕರಿದ್ದಾರೆ. ದಾಖಲೆಯಿಂದ ಚಿಕಿತ್ಸೆಯ ವರ್ತನೆಗೆ ನೇರ ಕಾರ್ಯಕಾರಣ ಸಂಬಂಧವನ್ನು ಈ ಲೇಖನ ಸಾಧಿಸುವುದಿಲ್ಲ.

ಆಯೋಗವು ಸೆಪ್ಟೆಂಬರ್ 5ರಂದು ಮಾರ್ಗಸೂಚಿಯನ್ನು ಹಿಂಪಡೆದು, 12ರಂದು ತಿದ್ದಿ ಹೊರಡಿಸಿದ್ದರಿಂದ ಪ್ರಶ್ನೆ ಮುಗಿಯಿತು ಎನ್ನಬಹುದು. ಆದರೆ ಆರೋಪಿಯ ಸ್ಥಾನದಿಂದ ಇಳಿಸಿದ ಮಾತ್ರಕ್ಕೆ ರೋಗಿಯ ಸ್ಥಾನ ಸಿಕ್ಕಂತಾಗದು. ಗರ್ಭಕಂಠವಿರುವ ಟ್ರಾನ್ಸ್ ಪುರುಷನಿಗೂ ಗರ್ಭಕಂಠ ಕ್ಯಾನ್ಸರಿನ ತಪಾಸಣೆ ಬೇಕೆಂಬುದನ್ನು ಸ್ತ್ರೀರೋಗ ವಿಭಾಗವೇ ಕಲಿಸಬೇಕು. 'ಮದುವೆಯಾಗಿದೆಯೇ?' ಎಂದು ಕೇಳಿದರೆ ಲೈಂಗಿಕ ಆರೋಗ್ಯದ ವಿವರ ದೊರೆಯದೆಂಬುದನ್ನು ಜನರಲ್ ಮೆಡಿಸಿನ್ ಕಲಿಸಬೇಕು. ಇನ್ನು, ನ್ಯಾಯವೈದ್ಯಶಾಸ್ತ್ರಕ್ಕೆ ಈ ಜ್ಞಾನ ಬೇಕೇ ಬೇಕು ಎಂಬ ಆಕ್ಷೇಪ ಸರಿಯಾದದ್ದೇ: ಅತ್ಯಾಚಾರಕ್ಕೊಳಗಾದ ಪುರುಷರನ್ನೂ ಲಿಂಗತ್ವ ಅಲ್ಪಸಂಖ್ಯಾತರನ್ನೂ ಪರೀಕ್ಷಿಸಬೇಕಾದವರು ನ್ಯಾಯವೈದ್ಯರೇ. ಆದರೆ ಅಲ್ಲಿ ಪಾಠದ ಆಧಾರ ಸಮ್ಮತಿಯ ಅಭಾವವಾಗಬೇಕೇ ಹೊರತು ಸಂಬಂಧದ ಬಗೆಯಲ್ಲ. ಪಠ್ಯಕ್ರಮ ಈಗಾಗಲೇ ಭಾರವಾಗಿದೆ ಎಂಬ ದೂರಿಗೂ ಇದರಲ್ಲೇ ಉತ್ತರವಿದೆ: ಸ್ಥಾನ ಬದಲಿಸಲು ಹೊಸ ಗಂಟೆಗಳು ಹೆಚ್ಚೇನೂ ಬೇಕಿಲ್ಲ.

ಸ್ಥಾನ ಬದಲಾದರೆ ವಾರ್ಡಿನ ನಡವಳಿಕೆ ಎಷ್ಟರಮಟ್ಟಿಗೆ ಬದಲಾದೀತು ಎಂಬುದು ತೆರೆದ ಪ್ರಶ್ನೆ. ಅದಕ್ಕೆ ರೋಗಿಗಳ ಅನುಭವಗಳ ಅಧ್ಯಯನ ಬೇಕು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳಿಗೂ ಆಯೋಗದ ಇದೇ ಪಠ್ಯಕ್ರಮ ಅನ್ವಯಿಸುವುದರಿಂದ, ಆ ಅಧ್ಯಯನವನ್ನು ಕರ್ನಾಟಕದಲ್ಲೇ ಆರಂಭಿಸಬಹುದು.