ಆಲ್ಬಮ್ಮಿನಲ್ಲಿ ಇಲ್ಲದ ಮಳೆಗಾಲ

ಸಾಗರ ಸೀಮೆಯ ಯಾವ ಮನೆಯ ಹಳೇ ಆಲ್ಬಮ್ ತೆಗೆದು ನೋಡಿದರೂ ಅದರಲ್ಲಿ ಮಳೆ ಸಿಗುವುದಿಲ್ಲ. ಅಂಗಳದ ತುಂಬ ಅಡಿಕೆ ಮರದ ಚಪ್ಪರ, ಸಂದಿಯಿಂದ ಇಳಿದ ಬಿಸಿಲು, ಆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡ ಅಜ್ಜ, ಜರಿ ಸೀರೆಯ ಮದುಮಗಳು. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಬದುಕೆಲ್ಲ ಅದರಡಿಯಲ್ಲೇ. ಆದರೆ ಫೋಟೊಗಳಲ್ಲಿ ನೆಲ ಯಾವಾಗಲೂ ಒಣಗಿದೆ. ಅವನ್ನೇ ನಂಬಿ ಮಲೆನಾಡಿನ ಚರಿತ್ರೆ ಬರೆಯಹೊರಟವನು ಇದು ಬಯಲುಸೀಮೆ ಎಂದುಕೊಂಡರೂ ತಪ್ಪಿಲ್ಲ. ಅಂಥ ಫೋಟೊಗಳಲ್ಲಿ ಒಂದಷ್ಟನ್ನು ತೆಗೆದವನು ನಾನೇ. ಹೀಗೇಕಾಯಿತೆಂದು ಹೇಳಬೇಕಾದವನೂ ನಾನೇ.

ಮೊದಲ ಕಾರಣ ಅಡಿಕೆ. ಕೊನೆಕೊಯ್ಲು ದೀಪಾವಳಿಯ ಆಚೀಚೆ ಶುರುವಾದರೆ ಸಂಕ್ರಾಂತಿ ದಾಟುತ್ತದೆ. ಕೊನೆಗೌಡ ಮರ ಹತ್ತಿ ಕೊನೆ ಇಳಿಸಬೇಕು, ರಾತ್ರಿ ಕೂತು ಸುಲಿಯಬೇಕು, ಚೊಗರಿನಲ್ಲಿ ಬೇಯಿಸಬೇಕು, ಚಪ್ಪರದ ಮೇಲೆ ಹರವಿ ಒಣಗಿಸಬೇಕು. ಮೂಟೆ ಮಂಡಿಗೋ, 1939ರಲ್ಲಿ ಹುಟ್ಟಿದ ಅಡಿಕೆ ಮಾರಾಟದ ಸಹಕಾರ ಸಂಘ ಮಾಮ್ಕೋಸಿಗೋ ಹೋಗಿ ಮಾರಾಟವಾದ ಮೇಲಷ್ಟೇ ಕೈಯಲ್ಲಿ ಕಾಸು. ಮದುವೆ, ಉಪನಯನ, ಹೊಸ ಮನೆಯ ಒಕ್ಕಲು ಎಲ್ಲ ಏಪ್ರಿಲ್, ಮೇ ತಿಂಗಳಿಗೆ ಬಂದು ನಿಲ್ಲುತ್ತಿದ್ದದ್ದು ಅದಕ್ಕೇ. ಆಷಾಢದಲ್ಲಂತೂ ಮದುವೆಯ ಮಾತೇ ಇಲ್ಲ. "ಅಡಿಕೆ ಮಾರಿದ ಮೇಲೆ ಕೊಡ್ತೀನಿ ಮಾರಾಯ" ಎನ್ನುವವರ ಹೆಸರೇ ನಮ್ಮ ಸ್ಟುಡಿಯೊದ ಉದ್ದರಿ ಪುಸ್ತಕದಲ್ಲಿ ತುಂಬಿತ್ತು. ಅವರು ಮೋಸ ಮಾಡಿದವರಲ್ಲ. ಸ್ವಲ್ಪ ತಡ, ಅಷ್ಟೆ.

ಎರಡನೆಯದು ಬೆಳಕು. ಒಂದು ಕಾಲಕ್ಕೆ ಪಟ್ಟಣದಿಂದ ರಜೆಗೆ ಬರುವ ಅಳಿಯಂದಿರ ಕುತ್ತಿಗೆಯಲ್ಲಿ ಆಗ್ಫಾ ಕ್ಲಿಕ್ 3 ನೇತಾಡುತ್ತಿತ್ತು. 120 ರೋಲು, ಹನ್ನೆರಡು ಚಿತ್ರ. ಬಿಸಿಲಿದ್ದರೆ ಮಾತ್ರ ಅದರ ಆಟ. ಆರಿದ್ರಾ ಮಳೆಯ ಮಧ್ಯಾಹ್ನ ಅದರಿಂದ ಏನೂ ಬರುತ್ತಿರಲಿಲ್ಲ. ಸ್ಟುಡಿಯೊದವರ ಯಾಶಿಕಾ ಟ್ವಿನ್ ಲೆನ್ಸಿನಲ್ಲಿ ಬಾಯಿ ಪೂರಾ ತೆರೆದು, ಶಟರ್ ನಿಧಾನ ಮಾಡಿ ಏನೋ ಸಾಧಿಸಬಹುದಿತ್ತು. ಆದರೆ ಒಂದೊಂದು ಫ್ರೇಮಿಗೂ ಲೆಕ್ಕವಿದ್ದ ಕಾಲದಲ್ಲಿ, ಕಂಬಳಿ ಕೊಪ್ಪೆ ಹಾಕಿಕೊಂಡು ಹೂಡುವವನನ್ನೋ, ಬೆನ್ನ ಮೇಲೆ ಮಳೆ ತಡೆಯುವ ಗೊರಬು ಹೊತ್ತು ಬಗ್ಗಿ ನಟ್ಟಿ ಮಾಡುವ ಹೆಂಗಸರನ್ನೋ ಫೋಟೊ ಹಿಡಿಯಲು ದುಡ್ಡು ಕೊಡುವವರು ಯಾರು? ಫೋಟೊ ಎಂದರೆ ಮಡಿ ಬಟ್ಟೆ ಉಟ್ಟು ನಿಲ್ಲುವ ಸಂಗತಿ. ಕೆಸರಿನಲ್ಲಿದ್ದವಳಿಗೂ ಅದು ಬೇಕಿರಲಿಲ್ಲ. "ಈ ಅವತಾರದಲ್ಲಾ? ನಾಚಿಕೆ ಇಲ್ಲವಾ ನಿಂಗೆ?" ಎಂದು ಬೈದೇ ಕಳಿಸುತ್ತಿದ್ದರು.

ಮೂರನೆಯದು ಬೂಷ್ಟು. ಫಿಲ್ಮಿನ ಮೇಲಿನ ಪದರ ಎಲುಬು, ತೊಗಲಿನಿಂದ ಮಾಡಿದ ಜೆಲಟಿನ್. (ಮಡಿವಂತರ ದೇವರ ಕೋಣೆಯಲ್ಲೂ ಗುರುಗಳ ಫೋಟೊ ತೂಗುತ್ತಿತ್ತಲ್ಲ, ಆ ಕಾಗದದ ಮೇಲಿದ್ದದ್ದೂ ಅದೇ. ನಾವು ಯಾರಿಗೂ ಹೇಳಲಿಲ್ಲ, ಯಾರೂ ಕೇಳಲಿಲ್ಲ.) ಅದು ತೇವ ಹೀರುತ್ತದೆ, ತೇವ ಹೀರಿದ್ದನ್ನು ಬೂಷ್ಟು ತಿನ್ನುತ್ತದೆ. ಲೆನ್ಸಿನೊಳಗೂ ಜೇಡರ ಬಲೆಯಂತೆ ಹಬ್ಬಿ ಕೂರುತ್ತದೆ. ಅದಕ್ಕೆಂದು ಕ್ಯಾಮೆರಾ ಇಡುವ ಕಪಾಟಿನಲ್ಲಿ ಹಗಲೂ ರಾತ್ರಿ 40 ವ್ಯಾಟಿನ ಬಲ್ಬು ಉರಿಸುತ್ತಿದ್ದೆವು. ಶರಾವತಿಯ ಕರೆಂಟು ರಾಜ್ಯಕ್ಕೆಲ್ಲ ಹೋಗುತ್ತಿತ್ತು. ಪುನರ್ವಸು ಮಳೆಗೆ ಮರ ಬಿದ್ದು ತಂತಿ ಕಡಿದರೆ ನಮ್ಮಲ್ಲೇ ವಾರಗಟ್ಟಲೆ ಕತ್ತಲೆ. ಆಗ ತಗಡಿನ ಡಬ್ಬದಲ್ಲಿ ಹುರಿದ ಅಕ್ಕಿ ಹಾಕಿ ಅದರ ಮೇಲೆ ಲೆನ್ಸು ಇಡುವುದು.

ಹಾಗೆಂದು ಮಳೆಗಾಲ ನಮಗೆ ಬರೀ ಶತ್ರುವಾಗಿರಲಿಲ್ಲ. ಡೆವಲಪರಿಗೆ ಬೇಕಾದದ್ದು 20 ಡಿಗ್ರಿಯ ಆಸುಪಾಸಿನ ತಂಪು. ಏಪ್ರಿಲಿನಲ್ಲಿ ಮಣ್ಣಿನ ಕೊಡದ ನೀರು ಸುರಿದುಕೊಂಡು ಒದ್ದಾಡುತ್ತಿದ್ದವರಿಗೆ ಜುಲೈಯಲ್ಲಿ ಆ ತಂಪು ಪುಕ್ಕಟೆ. ಬೇಸಿಗೆಯ ನೆಗೆಟಿವ್‌ಗಳನ್ನು ಹಿಗ್ಗಿಸಿ ಪ್ರಿಂಟ್ ಹಾಕುವುದು, ಕಪ್ಪು-ಬಿಳುಪಿಗೆ ಹತ್ತಿ ಸುತ್ತಿದ ಕಡ್ಡಿಯಿಂದ ಬಣ್ಣ ತೀಡುವುದು, ಕಟ್ಟು ಹಾಕುವುದು ಎಲ್ಲ ಆಗಲೇ. ತೊಂದರೆ ಇದ್ದದ್ದು ತೊಳೆಯುವ ನೀರಿನದು. ಗುಡ್ಡದ ಅಬ್ಬಿಯಿಂದ ದಬ್ಬೆಯಲ್ಲಿ ಹರಿದು ಬರುವ ನೀರಿಗೆ ಬರವಿಲ್ಲ, ಆದರೆ ಜಡಿ ಹಿಡಿದರೆ ಅದು ಕೆಂಪು. ಪಂಚೆ ನಾಲ್ಕು ಮಡಿಕೆ ಮಾಡಿ ಸೋಸಿದರೂ ಮಣ್ಣಿನ ಕಣವೊಂದು ಹೋಗಿ ಮದುಮಗನ ಮೂಗಿನ ಮೇಲೆ ಕೂತುಬಿಡುತ್ತಿತ್ತು. ಪ್ರಿಂಟು ಒಣಗಿಸಲು ಇದ್ದಿಲ ಕೆಂಡವೇ ಗತಿ. ಸರ್ಕಾರದ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ 1967ರಿಂದ ತಯಾರಿಸಿದ 'ಇಂದು' ಫಿಲ್ಮು, ಕಾಗದ ನಮಗೂ ಬರುತ್ತಿತ್ತು. ಆ ಕಾರ್ಖಾನೆಯನ್ನು ಊಟಿಯಲ್ಲಿ ಕಟ್ಟಿದ್ದು ಅಲ್ಲಿ ಗಾಳಿ ಚೊಕ್ಕ, ಧೂಳಿಲ್ಲ ಎಂಬ ಕಾರಣಕ್ಕೆ. ಬೆಟ್ಟದ ತಂಪಿನಲ್ಲಿ ಹುಟ್ಟಿದ ಮಾಲು ಇನ್ನೊಂದು ಬೆಟ್ಟಕ್ಕೆ ಬಂದು ಬೂಷ್ಟು ಹಿಡಿಯುವುದನ್ನು ನೋಡಿದರೆ ನಗು ಬರುತ್ತಿತ್ತು.

ಮಳೆಗಾಲದಲ್ಲಿ ಹೊರಗೆ ಹೋಗಿ ಫೋಟೊ ತೆಗೆಯುತ್ತಲೇ ಇರಲಿಲ್ಲವೇ? ಸಾವಿಗೆ ಹೋಗುತ್ತಿದ್ದೆವು. ಮನೆಯ ಹಿರಿಯರು ತೀರಿಕೊಂಡಾಗಲೇ ಅವರದೊಂದು ಫೋಟೊ ಇಲ್ಲವೆಂಬುದು ನೆನಪಾಗುತ್ತಿತ್ತು. ಹೊಳೆ ದಾಟಿ, ಸಂಕ ದಾಟಿ ಹೋದರೆ ಹೊರಜಗಲಿಯಲ್ಲಿ ಹೆಣ ಕೂರಿಸಿ, ಕಂಬಕ್ಕೆ ಆನಿಸಿ ಕಾಯುತ್ತಿದ್ದರು. ಎದುರಿಗೆ ಅಂಗಳವಿರುವುದರಿಂದ ನಾವು ನಿಲ್ಲುವುದು ಮಳೆಯಲ್ಲೇ. ಹುಡುಗನೊಬ್ಬ ಕೊಡೆ ಹಿಡಿಯಬೇಕು. ಫ್ಲ್ಯಾಶ್ ಹೊಡೆದರೆ ಸೂರಂಚಿನಿಂದ ಇಳಿಯುವ ಹನಿಗಳೆಲ್ಲ ಬೆಳಕಿಗೆ ಸಿಕ್ಕಿ ಪ್ರಿಂಟಿನಲ್ಲಿ ಬಿಳೀ ಚುಕ್ಕೆಗಳಾಗುತ್ತಿದ್ದವು. ಮನೆಯವರು ನೋಡಿ "ಇದೆಂಥ ಕಲೆ?" ಎನ್ನುವರು. ಸಪೂರ ಕುಂಚಕ್ಕೆ ಶಾಯಿ ಅದ್ದಿ, ಒಂದೊಂದೇ ಹನಿಯನ್ನು ಕಪ್ಪು ಮಾಡಿ ಮುಚ್ಚುವುದು ನಮ್ಮ ಕೆಲಸ. ಅಪರೂಪಕ್ಕೆ ಫಿಲ್ಮಿಗೆ ಸಿಕ್ಕ ಮಳೆಯನ್ನು ಕೂಡ ನಾವು ಹಾಗೆ ಅಳಿಸಿದೆವು, ಅದಕ್ಕೆ ಸಂಬಳವನ್ನೂ ಪಡೆದೆವು. ಚೊಕ್ಕ ಕೆಲಸ ಎಂದು ಹೊಗಳಿಸಿಕೊಂಡದ್ದೂ ಉಂಟು.

ಉಳಿದಂತೆ ಜೂನಿನಲ್ಲಿ ಶಾಲೆ ಮಕ್ಕಳ ಬಸ್ ಪಾಸಿಗೆ ಅಂಗೈಯಗಲಕ್ಕಿಂತ ಸಣ್ಣ ಮುಖ. 1993ರಲ್ಲಿ ಟಿ.ಎನ್. ಶೇಷನ್ ಅವರ ಕಾಲದಲ್ಲಿ ಮತದಾರರ ಗುರುತಿನ ಚೀಟಿ ಬಂದ ಮೇಲೆ ಎಷ್ಟೋ ಮುದುಕಿಯರು ಮೊದಲ ಸಲ ಕ್ಯಾಮೆರಾ ಮುಂದೆ ಕೂತರು. ಆ ಗಾಬರಿಯ ಮುಖವೇ ಈಗ ಹಲವು ಮನೆಗಳ ಗೋಡೆಯ ಮೇಲೆ ಹಾರ ಹಾಕಿಸಿಕೊಂಡಿದೆ.

ಮುಳುಗಡೆಯವರ ವಿಷಯ ಬೇರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಊರುಗಳು ನೀರಡಿ ಸೇರಿದವು. 1948ರ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು. ಬೇಸಿಗೆಯಲ್ಲಿ ನೀರು ತೀರ ಇಳಿದರೆ ಈಗಲೂ ಮಡೆನೂರಿನಲ್ಲಿ ಅದು ತಲೆ ಎತ್ತುತ್ತದೆ. ಎದ್ದು ಹೋದವರು ಎಷ್ಟೋ ವರ್ಷದ ಮೇಲೆ ಹಳೇ ಗ್ರೂಪ್ ಫೋಟೊ ಹಿಡಿದು ಬರುತ್ತಿದ್ದರು. ಅವರಿಗೆ ಬೇಕಾದದ್ದು ಮುಂದೆ ನಿಂತ ಗಂಡು-ಹೆಣ್ಣು ಅಲ್ಲ. "ಹಿಂದಿನ ಕಂಬ, ಬಾಗಿಲು ದೊಡ್ಡದಾಗಿ ಬರ್ತದಾ ನೋಡಿ" ಎನ್ನುತ್ತಿದ್ದರು. ಬೀಗರ ಭುಜಗಳ ನಡುವಿನಿಂದ ಒಂದು ಮನೆಯನ್ನು ಹಿಗ್ಗಿಸಿ ತೆಗೆಯುವುದು. ಬರುತ್ತಿದ್ದದ್ದು ಮದುವೆಯ ಮನೆ, ಮೇ ತಿಂಗಳ ಮನೆ. ಎರಚಲು ತಡೆಯಲು ಸೋಗೆಯ ತಟ್ಟಿ ಕಟ್ಟಿಕೊಂಡು, ಒಳಗೆ ಹೊಗೆ ತುಂಬಿಕೊಂಡು ಅವರು ಅರ್ಧ ವರ್ಷ ಬದುಕಿದ ಮನೆ ಯಾವ ನೆಗೆಟಿವಿನಲ್ಲೂ ಇರಲಿಲ್ಲ.

ಅಡಿಕೆ ಕೊನೆಗೆ ಮಳೆ ತಾಗದ ಹಾಗೆ ಕೊಟ್ಟೆ ಕಟ್ಟುತ್ತಿದ್ದ ಕೆಲಸವೂ ಹಾಗೆಯೇ ಫೋಟೊಗೆ ಸಿಗದೆ ಹೋಯಿತು. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೊ ದ್ರಾವಣ ತೋರಿಸಿಕೊಟ್ಟರು. ಕೊಟ್ಟೆ ನಿಧಾನವಾಗಿ ಹಿಂದೆ ಸರಿಯಿತು. ಕೊಟ್ಟೆ ಕಟ್ಟಿದ ಮರದ ಫೋಟೊ ಬೇಕೆಂದರೆ ನನ್ನಲ್ಲಿಲ್ಲ.

ಈಗ ಎಲ್ಲರ ಫೋನಿನಲ್ಲೂ ಮಳೆಯೇ. ಜೋಗದ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಮಂಜಿನಲ್ಲಿ ಮುಚ್ಚಿಹೋಗಿದ್ದರೂ ಜನ ಆ ಮಂಜನ್ನೇ ಚಿತ್ರೀಕರಿಸಿ ಖುಷಿಪಡುತ್ತಾರೆ. ಗೊರಬನ್ನು ಮಾತ್ರ ಹೋಂಸ್ಟೇಯ ಗೋಡೆಗೆ ನೇತುಹಾಕಿದ್ದಾರೆ. ಪ್ರವಾಸಿಗರು ಅದನ್ನು ಬೆನ್ನಿಗೇರಿಸಿ ಪೋಸು ಕೊಡುತ್ತಾರೆ. ನನಗದು ಸರಿಬರುವುದಿಲ್ಲ, ಆದರೂ ನಾವು ತೆಗೆಯದೇ ಬಿಟ್ಟದ್ದನ್ನು ಅವರಾದರೂ ತೆಗೆಯುತ್ತಿದ್ದಾರೆ.

ಹಳೇ ಮಲೆನಾಡಿನ ಮಳೆಯ ಚಿತ್ರ ಕೊಡಿ ಎಂದು ಪುಸ್ತಕ ಮಾಡುವವರು ಆಗಾಗ ಕೇಳುತ್ತಾರೆ. ಸ್ಟುಡಿಯೊಗಳಲ್ಲಿ ಹುಡುಕಬೇಡಿ, ತಾಲ್ಲೂಕು ಕಚೇರಿಗಳಿಗೆ ಹೋಗಿ ಎನ್ನುತ್ತೇನೆ. ಗೋಡೆ ಕುಸಿದಾಗ, ಧರೆ ಜರಿದು ತೋಟ ಮುಚ್ಚಿದಾಗ, ಪರಿಹಾರದ ಅರ್ಜಿಗೆ ಫೋಟೊ ಲಗತ್ತಿಸಬೇಕಾಗಿತ್ತು. ಸಾವು ಬಿಟ್ಟರೆ ಆ ಒಂದು ಕೆಲಸಕ್ಕೆ ಮಾತ್ರ ಜನ ಮಳೆಯಲ್ಲೇ ನಮ್ಮನ್ನು ಕರೆಸುತ್ತಿದ್ದರು, ಒದ್ದೆ ಬಟ್ಟೆಯಲ್ಲೇ ನಿಲ್ಲುತ್ತಿದ್ದರು, ಚುಕ್ಕೆ ಅಳಿಸಿ ಎನ್ನುತ್ತಿರಲಿಲ್ಲ. ನಷ್ಟ ಎಷ್ಟಾಯಿತೆಂಬುದು ಸಾಹೇಬರಿಗೆ ಕಾಣಬೇಕಲ್ಲ. ಕಡತಗಳನ್ನು ಗೆದ್ದಲು ಹಿಡಿಯದಿದ್ದರೆ, ಗುಂಡುಸೂಜಿಯ ತುಕ್ಕಿನ ಜೊತೆ ಅವು ಅಲ್ಲೇ ಇರಬೇಕು.